ಮಾಸಿನಿಂದ ಬಂದ ಮದ್ದು

ಮಸ್ಕಿಯ ಬಂಡೆಯ ಮೇಲಿನ ಶಾಸನವನ್ನು 1915ರಲ್ಲಿ ಕಂಡವರು ಚಿನ್ನದ ನೆಲೆ ಹುಡುಕುತ್ತ ಬಂದಿದ್ದ ಬೀಡನ್ ಎಂಬ ಗಣಿ ಇಂಜಿನಿಯರು. ದೇವಾನಾಂಪ್ರಿಯನೆಂಬ ಬಿರುದಿನ ಹಿಂದಿದ್ದ ಅರಸ ಅಶೋಕನೇ ಎಂಬುದು ಆ ಕಲ್ಲಿನಿಂದ ನಿಶ್ಚಯವಾಯಿತೆಂದು ನಮ್ಮ ಸೀಮೆಯವರು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅದೇ ಅರಸನ ಇನ್ನೊಂದು ಶಾಸನವಿದೆ. ಕರ್ನೂಲು ಸೀಮೆಯ ಎರ್ರಗುಡಿಯಲ್ಲಿಯೂ ಅದನ್ನು ಕಾಣಬಹುದು. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಟಾಗಿದೆ, ಮದ್ದಿನ ಗಿಡಗಳು ಎಲ್ಲೆಲ್ಲಿ ಇಲ್ಲವೋ ಅಲ್ಲಲ್ಲಿಗೆ ತರಿಸಿ ನೆಡಿಸಲಾಗಿದೆ ಎಂದು ಅದು ಸಾರುತ್ತದೆ. ಅದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಹಾಗೆ ದೂರದಿಂದ ತರಿಸಬೇಕಾದ ಒಂದು ಮದ್ದಿನ ಚರಿತ್ರೆಯನ್ನು ಇಂದು ಹೇಳಹೊರಟಿದ್ದೇನೆ. ನಾನು ವೈದ್ಯನಲ್ಲ, ಹಳಗನ್ನಡ ಪಾಠ ಹೇಳಿ ನಿವೃತ್ತನಾದವನು. ಸಿಂಧನೂರಿನಲ್ಲಿರುವ ನನ್ನ ಶಿಷ್ಯನೊಬ್ಬನ ಮಗನಿಗೆ ಹೊಟ್ಟೆ ಉಬ್ಬುತ್ತ ಬಂತು. ಜಂತುವೆಂದರು, ಮಲೇರಿಯಾ ಎಂದರು, ದೃಷ್ಟಿಯೆಂದೂ ನಿವಾಳಿಸಿದರು. ಕೊನೆಗೆ ಬೆಂಗಳೂರಿನಲ್ಲಿ ಅದಕ್ಕೊಂದು ಹೆಸರು ಸಿಕ್ಕಿತು: ಗೋಶೆ ರೋಗ. (ನಮ್ಮ ಕಡೆ ಅದನ್ನು ಗೌಚರ್ ಎಂದು ಓದುತ್ತಾರೆ, ಫ್ರೆಂಚರ ಕಾಗುಣಿತ ಹಾಗಿದೆ.) ಆ ಹೆಸರಿನ ಬೆನ್ನುಹತ್ತಿ ಓದಿದ್ದರ ಫಲ ಈ ಮಾತುಗಳು.

ನಮ್ಮ ಜೀವಕೋಶಗಳೊಳಗೆ ಸವೆದ ಪದಾರ್ಥಗಳನ್ನು ಅರಗಿಸುವ ಪುಟ್ಟ ಚೀಲಗಳಿವೆ. ಬೆಲ್ಜಿಯಂ ದೇಶದ ಕ್ರಿಸ್ತಿಯಾನ್ ದ ದ್ಯೂವ್ 1955ರಲ್ಲಿ ಅವನ್ನು ಲೈಸೋಸೋಮ್ ಎಂದು ಕರೆದರು. ಅರಗಿಸುವ ಕೆಲಸ ಅವುಗಳಲ್ಲಿರುವ ಕಿಣ್ವಗಳದು. ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆಯಿದ್ದರೆ, ಒಡೆಯಬೇಕಾದ ವಸ್ತು ಒಡೆಯದೆ, ಕಸ ಬಳಿಯದ ಮನೆಯಂತೆ ಕೋಶ ತುಂಬಿಕೊಳ್ಳುತ್ತದೆ. ಇಂಥ ರೋಗಗಳು ಹತ್ತಾರು ಇವೆ. ಫಿಲಿಪ್ ಗೋಶೆ 1882ರಲ್ಲಿ ವರ್ಣಿಸಿದ ರೋಗದಲ್ಲಿ ಪ್ಲೀಹ, ಯಕೃತ್ತುಗಳು ಊದುತ್ತವೆ, ರಕ್ತ ಕುಗ್ಗುತ್ತದೆ, ಮೂಳೆ ಬಲಗೆಡುತ್ತದೆ. ಕೊರತೆ ಯಾವ ಕಿಣ್ವದ್ದೆಂದು ಅಮೆರಿಕದ ರಾಸ್ಕೋ ಬ್ರೇಡಿ ಮತ್ತು ಸಂಗಡಿಗರು ಕಂಡುಕೊಂಡದ್ದು 1965ರ ಹೊತ್ತಿಗೆ.

ಇಲ್ಲದ ಕಿಣ್ವವನ್ನು ಹೊರಗಿನಿಂದ ಕೊಟ್ಟರಾಯಿತೆನ್ನಬಹುದು. ತರುವುದೆಲ್ಲಿಂದ? ಬ್ರೇಡಿಯವರು ಅದನ್ನು ತೆಗೆದದ್ದು ಹೆರಿಗೆಯ ನಂತರ ಬೀಳುವ ಮಾಸಿನಿಂದ. ನಮ್ಮ ಹಳ್ಳಿಗಳಲ್ಲಿ ಸೂಲಗಿತ್ತಿ ತಗ್ಗು ತೋಡಿ, ನಾಯಿ ಕೆದರದಂತೆ ಮೇಲೆ ಕಲ್ಲು ಹೇರಿ ಹೂಳುತ್ತಿದ್ದ ಮಾಸು! 1974ರಲ್ಲಿ ಇಬ್ಬರು ರೋಗಿಗಳಿಗೆ ಆ ಕಿಣ್ವ ಕೊಟ್ಟ ವರದಿ ಪ್ರಕಟವಾಯಿತು. ಯಕೃತ್ತಿನಲ್ಲಿ ಕೂಡಿಕೊಂಡಿದ್ದ ಕೊಬ್ಬು ಇಳಿದಿತ್ತು. ಆದರೆ ಫಲ ಸ್ಥಿರವಾಗಲಿಲ್ಲ, ಕಿಣ್ವ ಸೇರಬೇಕಾದ ಕೋಶಗಳನ್ನು ಸಾಕಷ್ಟು ಸೇರುತ್ತಿರಲಿಲ್ಲ. ಅದಕ್ಕಂಟಿದ ಸಕ್ಕರೆಯ ಸರಪಳಿಯ ತುದಿಗಳನ್ನು ಕತ್ತರಿಸಿ ಮ್ಯಾನೋಸ್ ಎಂಬ ಸಕ್ಕರೆ ಹೊರಗೆ ಕಾಣುವಂತೆ ಮಾಡಿದಾಗ, ಅದನ್ನು ಗುರುತಿಸಬಲ್ಲ ಕೋಶಗಳು ಒಳಗೆಳೆದುಕೊಂಡವು. ವಿಳಾಸವಿಲ್ಲದ ಕಾಗದಕ್ಕೆ ವಿಳಾಸ ಬರೆದಂತಾಯಿತು. ಅಮೆರಿಕದಲ್ಲಿ ಈ ಮದ್ದಿಗೆ 1991ರಲ್ಲಿ ಒಪ್ಪಿಗೆ ದೊರೆಯಿತು. ಒಬ್ಬ ರೋಗಿಗೆ ವರ್ಷಕ್ಕೆ ಸಾವಿರಾರು ಮಾಸುಗಳು ಬೇಕಾಗುತ್ತಿದ್ದವು, ಅಂದರೆ ಸಾವಿರಾರು ಬಾಣಂತಿಯರು! 1994ರಲ್ಲಿ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಕೋಶಗಳಲ್ಲಿ ತಯಾರಿಸಿದ ಕಿಣ್ವ ಬಂದು ಮಾಸಿನ ಅಗತ್ಯ ತಪ್ಪಿತು. ಬೆಲೆಯ ಬಿಸಿ ತಪ್ಪಲಿಲ್ಲ. ತೂಕಕ್ಕೆ ತೂಕವಿಟ್ಟರೆ ಹಟ್ಟಿಯ ಚಿನ್ನ ಇದರೆದುರು ಬಲು ಅಗ್ಗ. ಮುಂದೆ ಪಾಂಪೆ, ಫ್ಯಾಬ್ರಿ, ಹಂಟರ್ ಮೊದಲಾದ ರೋಗಗಳಿಗೂ ಕಿಣ್ವಗಳು ಬಂದವು. ನರದ ಮೂಲಕ ಕೊಟ್ಟ ಕಿಣ್ವ ಸಾಮಾನ್ಯವಾಗಿ ಮೆದುಳನ್ನು ಮುಟ್ಟಲಾರದು. ಮೆದುಳಿಗೆ ತಗುಲಿದ ರೋಗಕ್ಕೆ ಅದು ಆಸರೆಯಾಗದು.

ನನ್ನ ಶಿಷ್ಯ ತಂದುಕೊಂಡದ್ದು ಲಿಂಗಸುಗೂರಿಗೆ ಕೊಟ್ಟಿದ್ದ ಅಕ್ಕನ ಮಗಳನ್ನು. ನಮ್ಮಲ್ಲಿದು ಹಳೆಯ ರೂಢಿ. ಹೊಲ ಹರಿದು ಹೋಗದು, ಹೆಣ್ಣು ಕಣ್ಣೆದುರಿಗಿರುತ್ತಾಳೆ. ಗೋಶೆ ರೋಗ ಬರುವುದು ದೋಷ ತಾಯಿತಂದೆ ಇಬ್ಬರಿಂದಲೂ ಇಳಿದಾಗ. ಒಬ್ಬರಿಂದ ಮಾತ್ರ ಬಂದರೆ ರೋಗವಿಲ್ಲ, ಆದ್ದರಿಂದ ಯಾರಿಗೂ ತಿಳಿಯದು. ಒಂದೇ ಬಳ್ಳಿಯ ಇಬ್ಬರಲ್ಲಿ ಒಂದೇ ದೋಷವಿರುವ ಸಂಭವ ಹೆಚ್ಚು. ಇದ್ದರೆ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲೊಂದು ಪಾಲು ಅಪಾಯ. ಆ ಮನೆಯಲ್ಲಿಯೂ ಮೊದಲು ಬೈಸಿಕೊಂಡವಳು ಸೊಸೆ. ದೋಷದಲ್ಲಿ ಅರ್ಧ ಗಂಡಿನದೆಂದು ಅತ್ತೆಗೆ, ಅಂದರೆ ಸ್ವಂತ ಅಜ್ಜಿಗೆ, ತಿಳಿಹೇಳುವುದಕ್ಕೆ ನಾನೇ ಎರಡು ಸಲ ಹೋಗಿದ್ದೆ.

ಹಣದ ಪ್ರಶ್ನೆ ನ್ಯಾಯಾಲಯಕ್ಕೆ ಹೋಯಿತು. ದಿಲ್ಲಿಯ ಉಚ್ಚ ನ್ಯಾಯಾಲಯ 2014ರಲ್ಲಿ, ಇದೇ ರೋಗದ ಬಡ ಬಾಲಕನೊಬ್ಬನಿಗೆ ಸರಕಾರವೇ ಕಿಣ್ವ ಒದಗಿಸಬೇಕೆಂದು ತೀರ್ಪಿತ್ತಿತು. ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ಮುಂದೆಯೂ ಈ ವಿಷಯ ಬಂತು. ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಸರಕಾರದ ವೆಚ್ಚದಲ್ಲಿ ಮಕ್ಕಳಿಗೆ ಕಿಣ್ವ ಸಿಗತೊಡಗಿತು. ವಿರಳ ರೋಗಗಳ ರಾಷ್ಟ್ರೀಯ ನೀತಿ 2021ರಲ್ಲಿ ಬಂತು, 2022ರಲ್ಲಿ ಅದರ ನೆರವಿನ ಮಿತಿಯನ್ನು ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿಗೆ ಏರಿಸಿದರು. ಕೇಳಲು ದೊಡ್ಡ ಮೊತ್ತ. ಆದರೆ ಮದ್ದು ಬಾಳಿನುದ್ದಕ್ಕೂ ಬೇಕು, ಅದರ ಅಳತೆ ಮೈತೂಕದ ಮೇಲೆ ನಿಲ್ಲುತ್ತದೆ. ಮಗು ಬೆಳೆದಷ್ಟೂ ವೆಚ್ಚ ಬೆಳೆಯುತ್ತದೆ, ಮಿತಿ ಬೆಳೆಯುವುದಿಲ್ಲ. ಕೆಲವೇ ಮಕ್ಕಳಿಗೆ ಇಷ್ಟು ಹಣವೇ ಎಂದು ಕೇಳುವವರುಂಟು. ಅವರು ಈ ಪ್ರಶ್ನೆಯನ್ನು ಆ ಮಕ್ಕಳಲ್ಲೊಬ್ಬನ ಎದುರಿಗೆ ಕೇಳಿದ್ದನ್ನು ನಾನು ಕಂಡಿಲ್ಲ.

ಕಿಣ್ವವನ್ನು ತಂಪಿನಲ್ಲಿಟ್ಟು ತಂದು ಒಂದೆರಡು ಗಂಟೆ ನರದೊಳಗೆ ಹನಿಸುವುದು, ತಜ್ಞರು ಒಮ್ಮೆ ದಾರಿ ಹಾಕಿಕೊಟ್ಟ ಮೇಲೆ, ರಾಯಚೂರಿನಂಥ ಜಿಲ್ಲಾಕೇಂದ್ರದಲ್ಲಿ ಆಗದ ಕೆಲಸವಲ್ಲವೆಂದು ನನ್ನ ಎಣಿಕೆ. ಸದ್ಯಕ್ಕಂತೂ ಹದಿನೈದು ದಿನಕ್ಕೊಮ್ಮೆ ಶಿಷ್ಯ ಮಗನನ್ನು ಕರೆದುಕೊಂಡು ರಾತ್ರಿ ಬಸ್ಸು ಹತ್ತುತ್ತಾನೆ. ಹುಡುಗನ ಹೊಟ್ಟೆ ಇಳಿದಿದೆ, ಮೂರನೆಯ ಇಯತ್ತೆ ಓದುತ್ತಾನೆ. ಹೋದ ಸಲ ಆಸ್ಪತ್ರೆಯಲ್ಲಿ ತೂಗಿದಾಗ ಇಪ್ಪತ್ತೆರಡು ಕಿಲೋ ಇದ್ದನಂತೆ, ಒಂದು ಕಿಲೋ ಹೆಚ್ಚು. ತಾಯಿ ಹಿಗ್ಗಿದಳು. ತಂದೆ ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕುತ್ತಿದ್ದನಂತೆ.