‘ಕೊಂಚೋಕ್’ ಎಂದರೆ ದೇವರೇ?

ಪಾವಗಡದ ಸಂತೆಯಲ್ಲಿ ತೆಲುಗರೊಬ್ಬರು ‘ಅವಸರಂ ಲೇದು’ ಎಂದರೆ ‘ಬೇಕಾಗಿಲ್ಲ’ ಎಂದು ಅರ್ಥ. ತೆಲುಗಿನ ರೂಢಿಯಿಲ್ಲದ ಕನ್ನಡಿಗ ಅದನ್ನು ‘ಆತುರವೇನಿಲ್ಲ’ ಎಂದು ತಿಳಿದು ಅಲ್ಲೇ ಕಾದು ನಿಲ್ಲಬಹುದು. ಆಂಧ್ರದ ಗಡಿ ಸುತ್ತುವರಿದಿರುವ ಪಾವಗಡದವರಿಗೆ ಎರಡೂ ಭಾಷೆ ಮನೆಮಾತಿನಷ್ಟೇ ಸಲೀಸು, ಅವರು ಎಡವುವುದಿಲ್ಲ. ಶಿರಾ, ಕೊರಟಗೆರೆಯಿಂದ ಹೋದವರು ಎಡವಿಯಾರು. ಗೊತ್ತಿಲ್ಲದ ಪದ ಕಿವಿಗೆ ಬಿದ್ದರೆ ಯಾರಾದರೂ ‘ಹಾಗೆಂದರೇನು?’ ಎಂದು ಕೇಳುತ್ತಾರೆ. ಗೊತ್ತಿರುವಂತೆ ಕೇಳಿಸುವ ಪದದ ಬಗ್ಗೆ ಯಾರೂ ಕೇಳುವುದಿಲ್ಲ. ಬೌದ್ಧ ಭಿಕ್ಷುಗಳಿಗೂ ಅವರನ್ನು ಅರಸಿಕೊಂಡು ಬಂದ ಪರದೇಶಿಯರಿಗೂ ನಡುವೆ ಮುನ್ನೂರು ವರ್ಷಗಳಿಂದ ಆಗುತ್ತ ಬಂದಿರುವ ಅಪಾರ್ಥಗಳಲ್ಲಿ ದೊಡ್ಡವು ಈ ಎರಡನೆಯ ಬಗೆಯವು. ಅವುಗಳಲ್ಲಿ ಕೆಲವು ನಮ್ಮ ರಾಜ್ಯದಲ್ಲೇ ನಡೆದಿವೆ.

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸೆರಾ ಎಂಬ ಮಹಾವಿಹಾರವಿದೆ. ಇದರ ಮೂಲ ಮಠ ಲ್ಹಾಸಾದ ಬಳಿ 1419ರಲ್ಲಿ ಸ್ಥಾಪನೆಯಾದದ್ದು. 1959ರಲ್ಲಿ ಟಿಬೆಟ್ ಬಿಟ್ಟು ಬಂದ ಭಿಕ್ಷುಗಳು ಕೆಲವು ವರ್ಷ ಪಶ್ಚಿಮ ಬಂಗಾಳದ ಬಕ್ಸಾ ಶಿಬಿರದಲ್ಲಿದ್ದು, ಆಮೇಲೆ ಮೈಸೂರು ರಾಜ್ಯ ಕೊಟ್ಟ ಜಮೀನಿನಲ್ಲಿ ಕಾಡು ಕಡಿದು ಮಠವನ್ನು ಮತ್ತೆ ಕಟ್ಟಿಕೊಂಡರು. ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳು ಉತ್ತರ ಕನ್ನಡದ ಮುಂಡಗೋಡಿಗೆ ಬಂದವು.

ಇದೇ ಸೆರಾ ಮಠಕ್ಕೆ, ಅದಿನ್ನೂ ಲ್ಹಾಸಾದಲ್ಲಿದ್ದಾಗ, 1717ರಲ್ಲಿ ಇಟಲಿಯ ಒಬ್ಬ ಜೆಸ್ಯೂಟ್ ಪಾದ್ರಿ ವಿದ್ಯಾರ್ಥಿಯಾಗಿ ಸೇರಿದ್ದ. ಹೆಸರು ಇಪ್ಪೊಲಿತೊ ದೆಸಿದೇರಿ. ಟಿಬೆಟನ್ನರನ್ನು ಕ್ರೈಸ್ತ ಮತಕ್ಕೆ ತರಬೇಕೆಂಬುದು ಅವನ ಉದ್ದೇಶ. ಅದನ್ನು ಅವನು ಮುಚ್ಚಿಡಲೂ ಇಲ್ಲ. ಎರಡು ವರ್ಷ ಮೊದಲು, ಭಾಷೆ ಇನ್ನೂ ಬಾರದ ದಿನಗಳಲ್ಲಿ, ಲಡಾಖಿನ ಲೇಹ್‌ನಿಂದ ಅವನು ಒಂದು ಪತ್ರ ಬರೆದಿದ್ದ. ಇಲ್ಲಿಯವರು ದೇವರನ್ನು ‘ಕೊಂಚೋಕ್’ ಎನ್ನುತ್ತಾರೆ, ಕೆಲವೊಮ್ಮೆ ‘ಕೊಂಚೋಕ್-ಚಿಕ್’ ಎಂದೂ ಕೆಲವೊಮ್ಮೆ ‘ಕೊಂಚೋಕ್-ಸುಮ್’ ಎಂದೂ ಕರೆಯುತ್ತಾರೆ ಎಂಬುದು ಅದರಲ್ಲಿದ್ದ ಸುದ್ದಿ. ಚಿಕ್ ಎಂದರೆ ಒಂದು, ಸುಮ್ ಎಂದರೆ ಮೂರು. ಒಬ್ಬನೇ ದೇವರು, ಆದರೆ ಮೂವರು! ತಂದೆ, ಮಗ, ಪವಿತ್ರಾತ್ಮ ಎಂಬ ತನ್ನ ತ್ರಿತ್ವದ ಸುಳಿವು ಹಿಮಾಲಯದ ಆಚೆಗೂ ಇದೆಯೆಂದು ಪಾದ್ರಿಗೆ ತೋರಿತು.

‘ಕೊಂಚೋಕ್’ ಎಂಬುದು ಸಂಸ್ಕೃತದ ‘ರತ್ನ’ ಶಬ್ದಕ್ಕೆ ಟಿಬೆಟನ್ನರು ಮಾಡಿಕೊಂಡ ಅನುವಾದ. ಅಪೂರ್ವವಾದದ್ದು, ಶ್ರೇಷ್ಠವಾದದ್ದು ಎಂದು ಅದರ ಬಿಡಿ ಅರ್ಥ. ‘ಕೊಂಚೋಕ್-ಸುಮ್’ ಎಂದರೆ ಬುದ್ಧ, ಧರ್ಮ, ಸಂಘ ಎಂಬ ತ್ರಿರತ್ನ. ಅಲ್ಲಿ ಸೃಷ್ಟಿಕರ್ತನೂ ಇಲ್ಲ, ತ್ರಿತ್ವವೂ ಇಲ್ಲ.

ದೆಸಿದೇರಿಯ ದೊಡ್ಡತನವೆಂದರೆ ಅವನು ಆ ಪತ್ರದಲ್ಲೇ ಉಳಿದುಬಿಡಲಿಲ್ಲ. 1716ರ ಮಾರ್ಚಿಯಲ್ಲಿ ಲ್ಹಾಸಾ ತಲುಪಿ ಭಾಷೆ ಕಲಿತ. ಅಲ್ಲಿನ ಮಂಗೋಲ ದೊರೆ ಲಾಜಾಂಗ್ ಖಾನ್, ಮೊದಲು ನಮ್ಮ ಗ್ರಂಥಗಳನ್ನು ಓದು, ವಾದ ಆಮೇಲೆ ಎಂಬ ಸಲಹೆ ಕೊಟ್ಟ. ಪಾದ್ರಿ ಹಾಗೆಯೇ ಮಾಡಿದ. ಸೆರಾದಲ್ಲಿ ಅವನಿಗೆ ಕೊಠಡಿ ಕೊಟ್ಟರು, ತನ್ನ ಪೂಜೆ ಮಾಡಿಕೊಳ್ಳಲು ಬಿಟ್ಟರು, ವಾದಸಭೆಗಳಲ್ಲಿ ಕೂಡಿಸಿಕೊಂಡರು. ಅವನನ್ನು ಹೆಚ್ಚು ಕಾಡಿದ್ದು ‘ಶೂನ್ಯತೆ’. ಏನೂ ಇಲ್ಲ ಎಂಬ ನಾಸ್ತಿಕವಾದವೇ ಅದು, ಅಥವಾ ಬೇರೆಯೇ? ಅಲ್ಲಮನ ಹೆಸರು ಕೇಳಿದ, ‘ಶೂನ್ಯ ಸಂಪಾದನೆ’ ಎಂಬ ಗ್ರಂಥವಿದೆಯೆಂದು ಬಲ್ಲ ಕನ್ನಡಿಗನಿಗೆ ಶೂನ್ಯ ಎಂದರೆ ಬರಿಯ ಸೊನ್ನೆಯಲ್ಲವೆಂಬ ಅಂದಾಜಾದರೂ ಇರುತ್ತದೆ. ಇಟಲಿಯವನಿಗೆ ಆ ಆಸರೆಯೂ ಇರಲಿಲ್ಲ. ಯಾವ ವಸ್ತುವೂ ತನ್ನಷ್ಟಕ್ಕೆ ತಾನೇ ನಿಂತಿಲ್ಲ, ಎಲ್ಲವೂ ಇನ್ನೊಂದರ ಆಸರೆಯಿಂದ ಇದೆ ಎಂಬುದು ಅದರ ತಾತ್ಪರ್ಯವೆಂದು ಅವನು ಕಷ್ಟಪಟ್ಟು ಅರಿತ. ಅರಿತ ಮೇಲೆ ಪೇಚಿಗೆ ಸಿಕ್ಕ. ಎಲ್ಲವೂ ಇನ್ನೊಂದರ ಆಸರೆಯಿಂದಲೇ ಇದ್ದರೆ, ಯಾವುದರ ಆಸರೆಯೂ ಇಲ್ಲದ ದೇವರಿಗೆ ಜಾಗವೆಲ್ಲಿ? ಹತ್ತಿರದ್ದೆಂದು ತಿಳಿದಿದ್ದ ಮತ ತನ್ನದಕ್ಕೆ ನೇರ ಎದುರಾಗಿ ನಿಂತಿತ್ತು. ಅದನ್ನು ಖಂಡಿಸಲು ಟಿಬೆಟನ್ ಭಾಷೆಯಲ್ಲೇ, ಅವರದೇ ತರ್ಕದ ಧಾಟಿಯಲ್ಲೇ ಗ್ರಂಥಗಳನ್ನು ಬರೆದ.

ಭಿಕ್ಷುಗಳು ಇದಕ್ಕೆ ಸಿಟ್ಟಾಗದಿದ್ದುದು ವಿಶೇಷ. ಇದರಲ್ಲಿ ಅವರ ಕಡೆಯ ಅಪಾರ್ಥವೂ ಇತ್ತೆಂದು ನನಗೆ ತೋರುತ್ತದೆ. ದೂರದೇಶದ ಈ ‘ಲಾಮಾ’ ಎತ್ತಿದ ಆಕ್ಷೇಪಗಳು ಅವರಿಗೆ ವಾದದ ಅಂಗಳದ ಇನ್ನೊಂದು ಪೂರ್ವಪಕ್ಷವಾಗಿ ಕೇಳಿಸಿರಬೇಕು. ಅವನು ಮತಾಂತರ ಮಾಡಿಸಲು ಬಂದಿದ್ದ, ಅವರು ಚರ್ಚೆಗೆ ಕುಳಿತಿದ್ದರು. ಟಿಬೆಟ್ ಮಿಷನ್ ಕಪುಚಿನ್ ಪಾದ್ರಿಗಳ ಪಾಲಾದ್ದರಿಂದ 1721ರಲ್ಲಿ ಅವನು ಲ್ಹಾಸಾ ಬಿಡಬೇಕಾಯಿತು. 1733ರಲ್ಲಿ ತೀರಿಕೊಂಡ. ಅವನ ಬರಹಗಳು ನೂರಾರು ವರ್ಷ ಅಚ್ಚಾಗದೆ ಬಿದ್ದಿದ್ದವು. ಇಷ್ಟಾಗಿಯೂ ಟಿಬೆಟನ್ ಬೈಬಲಿನಲ್ಲಿ ದೇವರಿಗೆ ಬಳಸುವ ಪದ ‘ಕೊಂಚೋಕ್’ ಎಂದೇ ಇದೆ.

ಅವನ ಬರಹಗಳು ಕತ್ತಲಲ್ಲಿದ್ದಾಗ ಯೂರೋಪಿನಲ್ಲಿ ಬೇರೆ ಪದಗಳು ಚಲಾವಣೆಗೆ ಬಂದವು. ಅವುಗಳಲ್ಲೊಂದು ‘ಲಾಮಾಯಿಸಂ’. ಲಾಮಾ ಎಂದರೆ ಗುರು, ಅಷ್ಟೇ. ಗುರುವಿಗೆ ಮರ್ಯಾದೆ ಕೊಡುವವರೆಂದು ನಮ್ಮನ್ನೆಲ್ಲ ‘ಗುರು ಮತದವರು’ ಎಂದು ಕರೆದಂತಾಯಿತು. ಟಿಬೆಟನ್ ಬೌದ್ಧರು ತಮ್ಮನ್ನು ‘ನಂಗ್‌ಪಾ’, ಅಂದರೆ ಒಳಗಿನವರು ಎಂದುಕೊಳ್ಳುತ್ತಾರೆ. ಬಿಳಿಯರೆಲ್ಲ ಅವರಿಗೆ ‘ಇಂಜಿ’. ಇಂಗ್ಲಿಷ್ ಎಂಬುದರ ಅಪಭ್ರಂಶವಾದ ಇದು ಜರ್ಮನ್ನರಿಗೂ ಅಂಟುತ್ತದೆ. ನಾವೇನೂ ಕಡಿಮೆಯಿಲ್ಲ. ‘ಫ್ರಾಂಕ್’ ಎಂಬ ಒಂದು ಜನಾಂಗದ ಹೆಸರು ನಮ್ಮಲ್ಲಿ ‘ಪರಂಗಿ’ಯಾಗಿ ಎಲ್ಲ ಬಿಳಿಯರಿಗೂ ಸಂದು, ಕೊನೆಗೆ ಒಂದು ಹಣ್ಣಿಗೂ ಬಂದಿದೆ.

ಮಾತಿನಂತೆ ಮೈಯೂ ಅಪಾರ್ಥ ಹುಟ್ಟಿಸುತ್ತದೆ. ನಾಲಿಗೆ ಚಾಚುವುದು ಹಳೆಯ ಟಿಬೆಟ್‌ನಲ್ಲಿ ಗೌರವದ ಸೂಚನೆ, ನಮ್ಮ ಮಕ್ಕಳಿಗೆ ಅಣಕ. ಹೆಸರಿನ ಮುಂದೆ ‘ಲಾ’ ಸೇರಿಸಿದರೆ ಟಿಬೆಟನ್ನರಲ್ಲಿ ‘ಅವರೇ’ ಎಂದಂತೆ. ‘ಏನ್ಲಾ’, ‘ಬಾರ್ಲಾ’ ಕೇಳಿ ಬೆಳೆದ ಮಧುಗಿರಿ, ಕೊರಟಗೆರೆಯವರ ಕಿವಿಗೆ ಅದು ಹೇಗೆ ಕೇಳಿಸೀತು? ಬೈಲಕುಪ್ಪೆಯ ವಾದದ ಅಂಗಳವನ್ನು ಮೊದಲ ಸಲ ನೋಡುವವರಿಗೆ ಜಗಳವೇ ಕಾಣುತ್ತದೆ. ನಿಂತವನು ಕಾಲು ಅಪ್ಪಳಿಸಿ, ಕುಳಿತವನ ಮುಖದೆದುರು ಚಪ್ಪಾಳೆ ತಟ್ಟಿ ಪ್ರಶ್ನೆ ಹಾಕುತ್ತಾನೆ. ಚಾಚಿದ ಎಡಗೈ ದುರ್ಗತಿಯ ಬಾಗಿಲು ಮುಚ್ಚುತ್ತದೆ, ಹಿಂದಕ್ಕೆಳೆದ ಬಲಗೈ ಜೀವಿಗಳನ್ನು ಮೇಲೆತ್ತುತ್ತದೆ ಎಂಬುದು ಅವರ ವಿವರಣೆ.

ಇದೇ ಮಠಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಭೇಟಿ ನಡೆದಿದೆ. ದಲೈ ಲಾಮಾ ಅವರ ಇಚ್ಛೆಯಂತೆ ಅಮೆರಿಕದ ಎಮೊರಿ ವಿಶ್ವವಿದ್ಯಾಲಯ ಭಿಕ್ಷುಗಳಿಗಾಗಿ ವಿಜ್ಞಾನದ ಪಠ್ಯಕ್ರಮ ಸಿದ್ಧಪಡಿಸಿತು. 2014ರಿಂದ ಅದು ಸೆರಾ, ಡ್ರೆಪುಂಗ್, ಗಾಂಡೆನ್‌ಗಳಲ್ಲಿ ಜಾರಿಗೆ ಬಂತು. ಅನೇಕ ಪದಗಳಿಗೆ ಟಿಬೆಟನ್‌ನಲ್ಲಿ ಹೆಸರೇ ಇರಲಿಲ್ಲ, ಹೊಸದಾಗಿ ಕಟ್ಟಿದರು. ಅದು ದೊಡ್ಡ ತೊಡಕಾಗಲಿಲ್ಲ. ತೊಡಕಾದದ್ದು ಇದ್ದ ಪದ. ಪ್ರಾಣಿಗೆ ಟಿಬೆಟನ್ನರು ಹೇಳುವುದು ‘ಸೆಮ್‌ಚೆನ್’. ಸೆಮ್ ಎಂದರೆ ಮನಸ್ಸು, ಅದು ಉಳ್ಳದ್ದು ಸೆಮ್‌ಚೆನ್. ಗಿಡಮರ ಅದರಲ್ಲಿ ಸೇರುವುದಿಲ್ಲ. ಹಾಗಿದ್ದರೆ ಬ್ಯಾಕ್ಟೀರಿಯಾ? ಅದು ಆಹಾರದ ಕಡೆ ಚಲಿಸುತ್ತದೆ, ವಿಷದಿಂದ ದೂರ ಸರಿಯುತ್ತದೆ. ಜೀವವಿಜ್ಞಾನಿಗೆ ಅದು ರಾಸಾಯನಿಕ ಪ್ರತಿಕ್ರಿಯೆ. ಭಿಕ್ಷುವಿಗೆ, ಸುಖದ ಆಸೆ ಮತ್ತು ದುಃಖದ ಭಯ ಇದ್ದಲ್ಲಿ ಮನಸ್ಸಿರಬೇಕು.

ಇದು ಕಾಲಹರಣದ ಚರ್ಚೆಯಲ್ಲ. ಭಿಕ್ಷು ಕುಡಿಯುವ ನೀರನ್ನು ಹುಳು ಸಾಯದಂತೆ ಸೋಸಬೇಕೆಂಬ ನಿಯಮ ವಿನಯದಲ್ಲಿದೆ. ಬ್ಯಾಕ್ಟೀರಿಯಾಕ್ಕೆ ಮನಸ್ಸಿದೆ ಎಂದಾದರೆ ನೀರು ಕಾಯಿಸುವುದು, ಮಾತ್ರೆ ನುಂಗುವುದು ಕೊಲೆಯಾಗುತ್ತದೆ. ಅಮೆರಿಕದ ಮೇಷ್ಟ್ರು ‘ಜೀವ ಇದೆಯೇ?’ ಎಂಬುದನ್ನು ಪಾಠವೆಂದುಕೊಂಡಿದ್ದರೆ, ಶಿಷ್ಯರಿಗೆ ಅದು ‘ನಾನು ಇಂದು ಏನು ಕುಡಿಯಬಹುದು?’ ಎಂಬ ಪ್ರಶ್ನೆ. ಶ್ರವಣಬೆಳಗೊಳದ ಜೈನ ಮುನಿಗಳನ್ನು ಕೇಳಿದರೆ ಮೂರನೆಯ ಉತ್ತರ ಬಂದೀತು. ಅವರ ಲೆಕ್ಕದಲ್ಲಿ ಗಿಡಕ್ಕೂ ನೀರಿಗೂ ಜೀವವಿದೆ.

ಇನ್ನು ನಮ್ಮ ಸೀಮೆಗೆ ಬರೋಣ. ಪಾವಗಡದಿಂದ ವಾಯವ್ಯಕ್ಕೆ, ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಬಿ.ಎಲ್. ರೈಸ್ ಅದನ್ನು 1892ರಲ್ಲಿ ಬೆಳಕಿಗೆ ತಂದರು. ತಾನು ಸಂಘದ ಬಳಿ ಸಾರಿದ ಮೇಲೆ ಧರ್ಮದಲ್ಲಿ ಶ್ರಮಿಸಿದೆನೆಂದು ಅರಸ ಅದರಲ್ಲಿ ಹೇಳಿಕೊಂಡಿದ್ದಾನೆ. ಕೊನೆಯಲ್ಲಿ ‘ವ್ಯೂಠೇನ 256’ ಎಂದಿದೆ. ಜರ್ಮನ್ ವಿದ್ವಾಂಸ ಬ್ಯೂಲರ್, ಇದೇ ಶಾಸನದ ಉತ್ತರ ಭಾರತದ ಪಾಠಗಳನ್ನು 1877ರಲ್ಲಿ ಪ್ರಕಟಿಸುವಾಗ, ಆ ಶಬ್ದಕ್ಕೆ ‘ಅಗಲಿಹೋದವನು’, ಅಂದರೆ ಬುದ್ಧ ಎಂದು ಅರ್ಥ ಹಚ್ಚಿದ್ದರು. 256 ಎಂಬುದು ಬುದ್ಧನ ನಿರ್ವಾಣದಿಂದ ಕಳೆದ ವರ್ಷಗಳಾಯಿತು. ನಿರ್ವಾಣದ ಕಾಲವನ್ನೇ ಅದರಿಂದ ಲೆಕ್ಕ ಹಾಕಿದರು. ಸಹಸ್ರಾಮ್ ಪಾಠದಲ್ಲಿರುವ ‘ಲಾತಿ’ ಎಂದರೆ ರಾತ್ರಿ ಎಂದು 1910ರಲ್ಲಿ ಎಫ್.ಡಬ್ಲ್ಯು. ಥಾಮಸ್ ತೋರಿಸಿದ ಮೇಲೆ ಕಥೆ ಬದಲಾಯಿತು. ಅರಸ ಮನೆಬಿಟ್ಟು ಸಂಚಾರದಲ್ಲಿ ಕಳೆದ 256 ರಾತ್ರಿಗಳವು.

ಇನ್ನೊಂದು ಪದದಿಂದ ಇದಕ್ಕಿಂತ ಹೆಚ್ಚು ಅನರ್ಥವಾಯಿತು. ಜಂಬೂದ್ವೀಪದಲ್ಲಿ ‘ಅಮಿಸಾ’ ಆಗಿದ್ದವರು ದೇವತೆಗಳೊಡನೆ ‘ಮಿಸಾ’ ಆದರು ಎಂಬ ಮಾತು ಅಲ್ಲಿದೆ. ಮಿಸಾ ಎಂದರೆ ‘ಮೃಷಾ’, ಅಂದರೆ ಸುಳ್ಳು ಎಂದು ಮೊದಲಿನವರು ಓದಿದರು. ಅಶೋಕ ಜನರ ದೇವರುಗಳನ್ನು ಸುಳ್ಳೆಂದು ಸಾರಿದ ಅರಸನಾದ. ಇದನ್ನೇ ಹಿಡಿದು ಅವನು ಬ್ರಾಹ್ಮಣರ ವೈರಿಯೆಂಬ ವಾದವೂ ಹುಟ್ಟಿತು. ಅದು ‘ಮಿಶ್ರ’, ಬೆರೆತದ್ದು ಎಂದು ಫ್ರಾನ್ಸಿನ ಸಿಲ್ವಾಂ ಲೆವಿ ತಿದ್ದಿದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ರಾಯಚೂರು ಜಿಲ್ಲೆಯ ಮಸ್ಕಿ ಶಾಸನದಲ್ಲಿ ‘ಮಿಸಿಭೂತಾ’, ಅಂದರೆ ಮಿಶ್ರವಾದರು ಎಂದೇ ಇತ್ತು.

ಬ್ರಹ್ಮಗಿರಿಯ ಶಾಸನ ಬರೆದವನು ಚಪಡ. ಪ್ರಾಕೃತ ಭಾಷೆಯ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದು ಮುಗಿಸಿ, ತನ್ನ ಹೆಸರಿನ ಮುಂದೆ ‘ಲಿಪಿಕಾರ’ ಎಂಬ ಅರ್ಥದ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅದು ಗಾಂಧಾರದ ಕಡೆಯ ಲಿಪಿ. ಸುತ್ತಲಿನ ಹತ್ತು ಊರುಗಳಲ್ಲಿ ಆ ಪದವನ್ನು ಓದಬಲ್ಲವನು ಅವನೊಬ್ಬನೇ ಇದ್ದಿರಬೇಕು.