ಚಂದಾ ಕೊಟ್ಟ ಮೇಲೂ ಉಳಿಯುವ ಕೆಲಸ

ಯಮನ್‌ನ ಝಬೀದ್ ಊರಿನ ಒಬ್ಬ ವ್ಯಾಪಾರಿ ಮಕ್ಕಾಕ್ಕೆ ಸರಕು ತಂದ. ಆಸ್ ಬಿನ್ ವಾಇಲ್ ಎಂಬ ಕುರೈಶ್ ಮುಖಂಡ ಸರಕು ಕೊಂಡು ಹಣ ಕೊಡಲಿಲ್ಲ. ಪರಊರಿನವನಿಗೆ ಅಲ್ಲಿ ಯಾರ ಆಸರೆ? ಆತ ಜನರೆದುರು ನಿಂತು ಕೂಗಿ ನ್ಯಾಯ ಕೇಳಿದ. ಆಗ ಕೆಲವು ಮನೆತನದವರು ಅಬ್ದುಲ್ಲಾ ಬಿನ್ ಜುದ್‌ಆನ್‌ನ ಮನೆಯಲ್ಲಿ ಸೇರಿ, ಅನ್ಯಾಯಕ್ಕೊಳಗಾದವನು ಯಾರೇ ಆಗಿರಲಿ ಅವನ ಜೊತೆ ನಿಲ್ಲುತ್ತೇವೆಂದು ಪ್ರತಿಜ್ಞೆ ಮಾಡಿದರು. ಅದೇ ಹಿಲ್ಫುಲ್ ಫುಝೂಲ್. ಆ ಸಭೆಯಲ್ಲಿ ಸುಮಾರು ಇಪ್ಪತ್ತು ವರ್ಷದ ಯುವಕ ಮುಹಮ್ಮದ್(ಸ) ಕೂಡ ಇದ್ದರು. ಪ್ರವಾದಿತ್ವ ದೊರೆತ ಬಳಿಕವೂ ಅಂಥ ಒಪ್ಪಂದಕ್ಕೆ ಯಾರಾದರೂ ಕರೆದರೆ ತಾವು ಓಗೊಡುವುದಾಗಿ ಅವರು ಹೇಳಿದ್ದನ್ನು ಸೀರತ್ ಗ್ರಂಥಗಳು ದಾಖಲಿಸಿವೆ.

ಈ ಪ್ರಸಂಗವನ್ನು ಜುಮಾದಲ್ಲಿ ಹೇಳಿದ್ದು ನಮ್ಮ ಮೊಹಲ್ಲಾದ ಯುವ ಕೇಂದ್ರದ ಸಲುವಾಗಿ. ಕೋಣೆ ಇದೆ, ಮೇಜು ಕುರ್ಚಿ ಇವೆ, ಪುಸ್ತಕಗಳೂ ಬಂದಿವೆ. ಚಂದಾ ಕೊಡುವುದರಲ್ಲಿ ದಾವಣಗೆರೆಯವರಾಗಲಿ ಹರಿಹರದವರಾಗಲಿ ಹಿಂದೆ ಬಿದ್ದಿಲ್ಲ. ಆದರೆ ವಾರದಲ್ಲಿ ನಾಲ್ಕು ದಿನ ಶಟರ್ ಎತ್ತುವವರೇ ಇಲ್ಲ. ರಸೀದಿ ಕೈಗೆ ಬಂದ ಕೂಡಲೇ ಹೊಣೆ ಮುಗಿಯಿತೆಂಬ ಭಾವನೆ ನಮ್ಮಲ್ಲಿ ಬೇರೂರಿದೆ.

ಸ್ವಯಂಸೇವೆಯನ್ನು ಒಂದು ಶಿಸ್ತಾಗಿ ದೇಶಕ್ಕೆ ಕಲಿಸಿದವರಲ್ಲಿ ನಮ್ಮ ಪಕ್ಕದ ಹುಬ್ಬಳ್ಳಿಯವರೊಬ್ಬರಿದ್ದಾರೆ. ಡಾ. ನಾ.ಸು. ಹರ್ಡೀಕರ್ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ವೈದ್ಯರು. ದವಾಖಾನೆ ಇಟ್ಟು ಸುಖವಾಗಿರಬಹುದಿತ್ತು. ಅವರು ಹುಬ್ಬಳ್ಳಿಯಲ್ಲಿ ಯುವಕರ ಸೇವಾ ಮಂಡಳ ಕಟ್ಟಿದರು. 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಹೋಗಿ ಸೆರೆಯಾದವರಲ್ಲಿ ಅನೇಕರು ಜೈಲಿನ ಕಷ್ಟ ತಾಳದೆ ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ಹುಡುಗರು ಬರೆದುಕೊಡಲಿಲ್ಲ. ಅವರೇನು ಬೇರೆ ಮಣ್ಣಿನವರಲ್ಲ. ಮೊದಲೇ ಒಟ್ಟಿಗೆ ಕೆಲಸ ಮಾಡಿ ಪಳಗಿದ್ದರು, ಅಷ್ಟೇ.

ಇದನ್ನು ಕಂಡೇ ಅದೇ ವರ್ಷದ ಡಿಸೆಂಬರ್‌ನಲ್ಲಿ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ವೇಳೆ ಹಿಂದೂಸ್ತಾನಿ ಸೇವಾ ದಳ ಹುಟ್ಟಿತು. ಆ ಅಧಿವೇಶನದ ಅಧ್ಯಕ್ಷರು ಮೌಲಾನಾ ಮುಹಮ್ಮದ್ ಅಲಿ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು. ದಳದ ಮೊದಲ ಅಧ್ಯಕ್ಷರು ಜವಾಹರಲಾಲ್ ನೆಹರೂ. ಎಲ್ಲರೂ ಸಂತೋಷಪಡಲಿಲ್ಲ. ಕವಾಯತು, ಶಿಸ್ತು ಎಂದರೆ ಅಹಿಂಸೆಗೆ ಧಕ್ಕೆ ಎಂದು ಕೆಲವು ಹಿರಿಯ ನಾಯಕರು ತಕರಾರು ತೆಗೆದರು. ಹೊಸ ಕೆಲಸಕ್ಕೆ ಕೈಹಾಕಿದ ಯುವಕರಿಗೆ ಹಿರಿಯರ ಅನುಮಾನ ಎದುರಾಗುವುದು ಆಗಲೂ ಇತ್ತು!

ಮರುವರ್ಷ, 1924ರ ಡಿಸೆಂಬರ್‌ನಲ್ಲಿ, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆಯಿತು. ಅಲ್ಲಿ ವ್ಯವಸ್ಥೆಯ ಭಾರ ಹೊತ್ತವರು ಹರ್ಡೀಕರರ ಸ್ವಯಂಸೇವಕರು. ಮಹಿಳಾ ಸ್ವಯಂಸೇವಕಿಯರನ್ನು ಮುನ್ನಡೆಸಿದವರು ಉಮಾಬಾಯಿ ಕುಂದಾಪುರ. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಆಕೆ ಹುಬ್ಬಳ್ಳಿಯ ಹೆಣ್ಣುಮಕ್ಕಳ ಶಾಲೆಯನ್ನೂ ನೋಡಿಕೊಳ್ಳುತ್ತಿದ್ದರು. ನಮ್ಮ ಕೇಂದ್ರ ಹುಡುಗರದ್ದು ಮಾತ್ರ ಎಂದು ಭಾವಿಸಿರುವ ಹಿರಿಯರು ಈ ಮಾತನ್ನು ಗಮನಿಸಲಿ.

ಸಮುದಾಯದೊಳಗೂ ಉದಾಹರಣೆಗೆ ಕೊರತೆಯಿಲ್ಲ. ಭಟ್ಕಳದ ಅಂಜುಮನ್ 1919ರಲ್ಲಿ ಆರಂಭವಾಯಿತು. 1966ರಲ್ಲಿ ಬೆಂಗಳೂರಿನಲ್ಲಿ ಅಲ್‌-ಅಮೀನ್ ಸಂಸ್ಥೆ ಕಟ್ಟಿದಾಗ ಡಾ. ಮುಮ್ತಾಝ್ ಅಹ್ಮದ್ ಖಾನ್ ಮೂವತ್ತರ ಆಸುಪಾಸಿನ ತರುಣ ವೈದ್ಯ.

ನಮ್ಮ ಎರಡು ಊರುಗಳ ಕಥೆ ಸ್ವಲ್ಪ ಬೇರೆ. ಹೈದರ್ ಅಲಿ ದಾವಣಗೆರೆಯನ್ನು ಆಪೋಜಿ ರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಆತ ವ್ಯಾಪಾರಿಗಳನ್ನು ಕರೆದು ನೆಲೆಗೊಳಿಸಿದ. ಸಣ್ಣ ಹಳ್ಳಿ ಪೇಟೆಯಾಯಿತು. ಮುಂದೆ ಬಟ್ಟೆ ಗಿರಣಿಗಳು ಬಂದವು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದು ಲೇತ್ ಯಂತ್ರಗಳು ತಯಾರಾದವು. ಅಂದಿನ ಹುಡುಗನಿಗೆ ಗಿರಣಿಯೇ ಶಾಲೆ. ಸಮಯಕ್ಕೆ ಏಳುವುದು, ಹಿರಿಯ ಕೆಲಸಗಾರನ ಮಾತು ಕೇಳುವುದು, ನಾಲ್ಕು ಜಾತಿಯವರ ಜೊತೆ ಊಟದ ಡಬ್ಬಿ ಬಿಚ್ಚುವುದು, ಎಲ್ಲವನ್ನೂ ಅಲ್ಲೇ ಕಲಿತ. ಗಿರಣಿಗಳ ಸೈರನ್ ನಿಂತಿತು, ಕಿರ್ಲೋಸ್ಕರ್ ಬಾಗಿಲು ಮುಚ್ಚಿತು. ಸಂಬಳ ಹೋದದ್ದನ್ನು ಎಲ್ಲರೂ ಲೆಕ್ಕ ಹಾಕಿದರು. ಆ ಕಲಿಕೆ ಹೋದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಇಂದು ಮಂಡಕ್ಕಿ ಭಟ್ಟಿಯಲ್ಲೋ ಗ್ಯಾರೇಜಿನಲ್ಲೋ ದುಡಿದು ಬರುವ ಹದಿನೇಳರ ಹುಡುಗನಿಗೆ ಸಂಜೆ ಕೂರಲು ರಸ್ತೆಯ ಕಟ್ಟೆ, ಕೈಯಲ್ಲಿ ಮೊಬೈಲ್. ಅವನನ್ನು ಬೈಯುವುದು ಸುಲಭ. ಅವನ ಪಕ್ಕದಲ್ಲಿ ಒಂದು ಗಂಟೆ ಕೂರುವವರು ಬೇಕಾಗಿದ್ದಾರೆ.

ಕೇಂದ್ರಕ್ಕೆ ಈಗ ಬೇಕಾದವರು ಇವರು: ಎಸ್ಸೆಸ್ಸೆಲ್ಸಿ ಗಣಿತ ಮತ್ತು ಕನ್ನಡ ಹೇಳಿಕೊಡಬಲ್ಲವರು, ಸ್ಕಾಲರ್‌ಶಿಪ್ ಅರ್ಜಿ ತುಂಬಿಸಬಲ್ಲವರು, ಹೆಣ್ಣುಮಕ್ಕಳ ತರಗತಿಗೆ ಇಬ್ಬರು ಸಹೋದರಿಯರು. ಕಿರ್ಲೋಸ್ಕರಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರಿದ್ದರೆ, ಭಾನುವಾರ ಬೆಳಿಗ್ಗೆ ಹುಡುಗರಿಗೆ ಅಳತೆ ಹಿಡಿಯುವುದನ್ನು, ನಕ್ಷೆ ಓದುವುದನ್ನು ಕಲಿಸಲಿ. ವಾರಕ್ಕೆ ಎರಡು ಗಂಟೆ ಸಾಕು, ಆದರೆ ಪ್ರತಿ ವಾರ ಬರಬೇಕು. ಹೆಸರು ಬರೆಸುವ ಪುಸ್ತಕ ಮೌಜನ್ ಸಾಹೇಬರ ಬಳಿ ಇದೆ. ಇಶಾ ನಮಾಝಿನ ನಂತರ ಅವರು ಸಿಗುತ್ತಾರೆ.