ಚರ್ಮದ ಲೂಪಸ್: ಚರಿತ್ರೆ
ರೋಗಾಣುಗಳಿಂದ ದೇಹವನ್ನು ಕಾಪಾಡಬೇಕಾದ ರಕ್ಷಣಾಶಕ್ತಿಯೇ ದಾರಿತಪ್ಪಿ ಸ್ವಂತ ಅಂಗಾಂಶಗಳ ಮೇಲೆ ತಿರುಗಿಬೀಳುವುದರಿಂದ ಉಂಟಾಗುವ ಲೂಪಸ್ ರೋಗವು ಕೀಲು, ಮೂತ್ರಪಿಂಡ, ಹೃದಯಗಳನ್ನು ಕೂಡ ಬಾಧಿಸುವುದಾದರೂ, ವೈದ್ಯರು ಅದನ್ನು ಮೊತ್ತಮೊದಲು ಕಂಡುದು ಚರ್ಮದ ಮೇಲೆಯೇ; ಮುಖದ ಕೆಂಪಿನ ಹಿಂದೆ ಸರ್ವಾಂಗದ ವ್ಯಾಧಿಯೊಂದು ಅಡಗಿರಬಲ್ಲುದೆಂಬ ಅರಿವು ಮೂಡಲು ಮಾತ್ರ ಬಹುಕಾಲ ಹಿಡಿಯಿತು.

ಮಧ್ಯಯುಗದ ಯೂರೋಪಿನಲ್ಲಿ ಮುಖವನ್ನು ಕೊರೆದು ವಿರೂಪಗೊಳಿಸುವ ನಾನಾ ಬಗೆಯ ವ್ರಣಗಳಿಗೆ ಲೂಪಸ್ ಎಂಬ ಹೆಸರು ಸಲ್ಲುತ್ತಿದ್ದಿತು. ಚರ್ಮದ ಕ್ಷಯವೂ ಅವುಗಳೊಳಗೊಂದಾಗಿದ್ದಿತು. ಈ ಗೊಂದಲವನ್ನು ಬಿಡಿಸುವ ಕಾರ್ಯದಲ್ಲಿ ಪ್ಯಾರಿಸಿನ ಸೇಂಟ್ ಲೂಯಿ ಆಸ್ಪತ್ರೆಯ ಪಾತ್ರ ಹಿರಿದು. ಅಲ್ಲಿನ ಬಿಯೆ ಎಂಬ ವೈದ್ಯನು ಗುರುತಿಸಿದ, ನಡುವಿನಿಂದ ಅಂಚಿನತ್ತ ಹರಡುವ ಕೆಂಪು ಮಚ್ಚೆಗಳಿಗೆ ಅವನ ಶಿಷ್ಯ ಕಾಜನಾವ್ 1851ರ ವೇಳೆಗೆ ಲೂಪಸ್ ಎರಿತೆಮಟೋಸಸ್ ಎಂದು ನಾಮಕರಣ ಮಾಡಿದನು. ವಿಯೆನ್ನಾದ ಹೆಬ್ರಾ, ಎರಡು ಕೆನ್ನೆಗಳನ್ನೂ ಮೂಗಿನ ಸೇತುವೆಯನ್ನೂ ವ್ಯಾಪಿಸುವ ಕೆಂಪನ್ನು ರೆಕ್ಕೆ ಹರಡಿದ ಚಿಟ್ಟೆಗೆ ಹೋಲಿಸಿದನು. ಆ ಉಪಮೆ ಇಂದಿಗೂ ಬಳಕೆಯಲ್ಲಿದೆ. ಅವನ ಅಳಿಯ ಕಪೋಸಿ 1872ರಲ್ಲಿ, ಚರ್ಮದಲ್ಲಿಯೇ ನಿಲ್ಲುವ ಬಿಲ್ಲೆಯಾಕಾರದ ರೂಪವನ್ನು ಜ್ವರ, ಕೀಲುನೋವುಗಳೊಡನೆ ಬರುವ ಉಗ್ರರೂಪದಿಂದ ಬೇರ್ಪಡಿಸಿ ವಿವರಿಸಿದನು. ಈ ಚರಿತ್ರೆಯ ನಿಜವಾದ ತಿರುವು ಇದೇ ಎನ್ನಬೇಕು. ಚರ್ಮವೈದ್ಯನೊಬ್ಬನು ತನ್ನ ಶಾಸ್ತ್ರದ ಎಲ್ಲೆಯನ್ನು ದಾಟಿ ರೋಗಿಯ ಇಡೀ ದೇಹವನ್ನು ನೋಡಿದುದರ ಫಲವಾಗಿಯೇ ಮುಂದಿನ ಅನ್ವೇಷಣೆಗಳಿಗೆ ಹಾದಿ ತೆರೆಯಿತು.

ಬಿಲ್ಲೆಯಾಕಾರದ ರೂಪದಲ್ಲಿ ಹೊಪ್ಪಳೆ ಚರ್ಮಕ್ಕೆ ಬಿಗಿಯಾಗಿ ಅಂಟಿಕೊಂಡಿದ್ದು, ಗಾಯ ಮಾಗಿದ ಮೇಲೆ ನಡುವೆ ಬಿಳುಪೂ ಅಂಚಿನಲ್ಲಿ ಕಪ್ಪೂ ಉಳಿಯುತ್ತವೆ. ನಮ್ಮ ದೇಶದವರ ಮೈಬಣ್ಣದಲ್ಲಿ ಈ ವ್ಯತ್ಯಾಸ ಎದ್ದು ಕಾಣುವುದರಿಂದ ರೋಗಿಯ ಮನೋವ್ಯಥೆಯೂ ಇಮ್ಮಡಿಸುತ್ತದೆ. ನೆತ್ತಿಯಲ್ಲಿ ಇದು ಕೂದಲಿನ ಬುಡವನ್ನೇ ನಾಶಮಾಡಿದರೆ ಅಲ್ಲಿ ಕೂದಲು ಮರಳಿ ಹುಟ್ಟದು. ಕಲೆಯುಳಿಸದೆ, ಬಿಸಿಲು ತಾಗುವ ಎದೆ, ಬೆನ್ನು, ತೋಳುಗಳಲ್ಲಿ ಉಂಗುರಗಳಂತೆ ಮೂಡುವ ಮತ್ತೊಂದು ರೂಪವನ್ನು ಅಮೆರಿಕದ ಸೋಂಥೈಮರ್ ಮತ್ತು ಸಂಗಡಿಗರು 1979ರಲ್ಲಿ ನಿರೂಪಿಸಿದರು.

ಚಿಕಿತ್ಸೆಯ ಇತಿಹಾಸ ಮಲೇರಿಯಾದ ಔಷಧಿಗಳೊಡನೆ ಹೆಣೆದುಕೊಂಡಿದೆ. 1894ರಲ್ಲಿ ಲಂಡನ್ನಿನ ಪೇನ್ ಎಂಬ ವೈದ್ಯನು ಈ ರೋಗದಲ್ಲಿ ಕ್ವಿನೈನಿನ ಗುಣವನ್ನು ವರದಿಮಾಡಿದನು. 1951ರಲ್ಲಿ ಪೇಜ್ ಎಂಬವನು ಮಲೇರಿಯಾದ ಮತ್ತೊಂದು ಔಷಧಿಯಾದ ಮೆಪಕ್ರಿನ್ ಫಲಕಾರಿಯಾದುದನ್ನು ಪ್ರಕಟಿಸಿದನು. ಅದೇ ಪರಂಪರೆಯ ಹೈಡ್ರಾಕ್ಸಿಕ್ಲೋರೊಕ್ವಿನ್ ಇಂದಿಗೂ ಪ್ರಧಾನ ಔಷಧಿಯಾಗಿದ್ದು, ದೀರ್ಘಕಾಲ ಸೇವಿಸುವವರು ಕಣ್ಣಿನ ಪರೀಕ್ಷೆಯನ್ನು ಮಾಡಿಸಿಕೊಳ್ಳುತ್ತಿರಬೇಕು. ಸೂರ್ಯನ ಅತಿನೇರಳೆ ಕಿರಣಗಳು ರೋಗವನ್ನು ಕೆರಳಿಸುವುದರಿಂದ ಬಿಸಿಲಿನಿಂದ ರಕ್ಷಣೆ ಅಗತ್ಯ. ಈ ಮಚ್ಚೆಗಳನ್ನು ಕಂಡು ಯಾರೂ ರೋಗಿಯಿಂದ ದೂರ ಸರಿಯಬೇಕಾಗಿಲ್ಲ. ಲೂಪಸ್ ಸ್ಪರ್ಶದಿಂದ ಹರಡುವ ರೋಗವಲ್ಲ.